ಎಡಚನ ಬೇಸ್ ಗಿಟಾರ್

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಫಿರ್ಯಾದಿಯ ಬೆನ್ನ ಮೇಲೆ ಖಾಲಿ ಗಿಟಾರ್ ಚೀಲವಿತ್ತು. ಒಳಗೆ ಏನೂ ಇಲ್ಲದ ಚೀಲವನ್ನು ಯಾಕಪ್ಪಾ ಹೊತ್ತು ತಿರುಗುತ್ತೀಯ ಎಂದು ದಫೇದಾರರು ಕೇಳಿದರು.

"ಅಭ್ಯಾಸ ಸಾರ್. ಇದಿಲ್ದೆ ಹೊರಗೆ ಬಂದ್ರೆ ಅಂಗಿ ಹಾಕ್ಕೊಳ್ಳೋದು ಮರೆತ ಹಾಗಾಗುತ್ತೆ."

ಬಾರ್ ಬ್ಯಾಂಡಿನಲ್ಲಿ ಬೇಸ್ ನುಡಿಸುವವನು. ಎಡಗೈ ವಾದಕನಾದ್ದರಿಂದ ಬ್ಯಾಂಡಿನವರು, ಬಾರಿನವರು, ಕೊನೆಗೆ ಅವನ ಒಡಹುಟ್ಟಿದ ಅಕ್ಕ ಕೂಡ ಅವನನ್ನು ಎಡಚ ಎಂದೇ ಕರೆಯುತ್ತಿದ್ದರು. ಇನ್ನೊಂದು ಹೆಸರು ಬೇಕಾದದ್ದು ಎಫ್‌ಐಆರ್‌ಗೆ ಮಾತ್ರ.

ಇನ್‌ಸ್ಪೆಕ್ಟರ್ ಅವನನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಠಾಣೆಯವರು ಆಕೆಯನ್ನು ಬೆನ್ನ ಹಿಂದೆ ಉಡ ಎನ್ನುತ್ತಿದ್ದರು. ಹಿಡಿದದ್ದನ್ನು ಬಿಡುವ ಜಾಯಮಾನ ಅಲ್ಲ. ಹೆಸರು ಆಕೆಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

"ಯಾವಾಗ ಹೋಯ್ತು?"

"ನಿನ್ನೆ ಸಂಜೆ, ನಡುವಿನ ಬಿಡುವಿನಲ್ಲಿ. ಸ್ಟ್ಯಾಂಡಿನ ಮೇಲೆ ಇಟ್ಟು ಹಿಂದಿನ ಜಗಲಿಗೆ ಹೋಗಿದ್ದೆ. ವಾಪಸ್ ಬಂದ್ರೆ ಸ್ಟ್ಯಾಂಡ್ ಇದೆ, ಗಿಟಾರ್ ಇಲ್ಲ."

"ಇಷ್ಟೊತ್ತಿಗೆ ಮಾರಿರ್ತಾರೆ."

"ಮಾರಕ್ಕೆ ಆಗಲ್ಲ ಮೇಡಂ. ಅದು ಎಡಗೈಯವರದು. ಈ ಊರಲ್ಲಿ ಅದನ್ನ ನುಡಿಸೋನು ನಾನೊಬ್ಬನೇ. ಕದ್ದವನಿಗೆ ಅದು ಸೌದೆ."

"ಹಾಗಾದ್ರೆ ಇನ್ನೊಂದು ತಗೊಂಡ್ರೆ?"

"ಹೇಳಿ ತರಿಸ್ಬೇಕು, ತಿಂಗಳು ಹಿಡಿಯುತ್ತೆ. ಶುಕ್ರವಾರ ಸಂಜೆ ಆರಕ್ಕೆ ನನ್ನ ಬಸ್ಸು. ಮಾರನೇ ದಿನ ಬಂದರಲ್ಲಿ ಹಡಗು. ಪ್ರವಾಸಿಗಳ ಹಡಗು, ಅದರ ಬ್ಯಾಂಡಿಗೆ ಎರಡು ವರ್ಷ ಕೆಲಸ. ಸ್ವಂತ ವಾದ್ಯ ಇಲ್ದೆ ಹೋದ್ರೆ ಹತ್ತಿಸ್ಕೊಳ್ಳಲ್ಲ." ಅವನು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. "ನಂಗೆ ನಲವತ್ತೊಂದು ಮೇಡಂ. ಇಷ್ಟು ವರ್ಷ ಒಂದೇ ಬಾರು, ಅದೇ ಮೂಲೆ. ಯಾರೂ ಬೇಸ್ ಕೇಳಕ್ಕೆ ಅಂತ ಬರಲ್ಲ. ನಿಮ್ಮ ಗಿಟಾರಿಗೆ ನಾಲ್ಕೇ ತಂತಿ ಇದೆಯಲ್ಲ, ಉಳಿದಿದ್ದು ಕಿತ್ತೋಯ್ತಾ ಅಂತ ಕೇಳ್ತಾರೆ. ಮೊದಲನೇ ಸಲ ಯಾರೋ ನನ್ನನ್ನೇ ಕೇಳಿ ಕರೆದಿದ್ದಾರೆ. ಇನ್ನೊಂದು ಸಲ ಕರೆಯಲ್ಲ."

ಇನ್‌ಸ್ಪೆಕ್ಟರ್ ಗೋಡೆಯ ಕ್ಯಾಲೆಂಡರ್ ನೋಡಿದರು.

"ಶುಕ್ರವಾರ ಬಸ್ ಹತ್ತುವಾಗ ಆ ಚೀಲ ಖಾಲಿ ಇರಬಾರದು. ಅಷ್ಟೇ ತಾನೆ?"

ದಫೇದಾರರು ನಿಟ್ಟುಸಿರು ಬಿಟ್ಟು ಟೋಪಿ ಎತ್ತಿಕೊಂಡರು. ಉಡ ಕಚ್ಚಿತು, ಇನ್ನು ಎರಡು ದಿನ ಮನೆ ಊಟ ಇಲ್ಲ ಎಂದು ಅವರಿಗೆ ಗೊತ್ತಾಯಿತು.

ಹನ್ನೆರಡು ಗಂಟೆಗೆ ಸ್ಥಳ ಪಂಚನಾಮೆ. ಹಗಲಿನಲ್ಲಿ ಬಾರ್ ಎಂದರೆ ಮದುವೆ ಮುಗಿದ ಮನೆ. ಕುರ್ಚಿಗಳು ಮೇಜಿನ ಮೇಲೆ ಕಾಲು ಮೇಲೆ ಮಾಡಿಕೊಂಡಿದ್ದವು. ಒಂದು ತುದಿಯಲ್ಲಿ ಮೊಣಕಾಲೆತ್ತರದ ಸ್ಟೇಜು, ಮುಂದೆ ಪರದೆ. ಬಿಡುವಿನಲ್ಲಿ ಪರದೆ ಎಳೆಯುವುದು ವಾಡಿಕೆಯಾದ್ದರಿಂದ ಗಿರಾಕಿಗಳು ಏನೂ ಕಂಡಿರಲಿಲ್ಲ. ಸ್ಟೇಜಿನ ಹಿಂಭಾಗದಲ್ಲಿ ಡ್ರಮ್ಮುಗಳಿಗಾಗಿ ಇನ್ನೂ ಒಂದು ಗೇಣು ಎತ್ತರದ ಹಲಗೆಯ ಕಟ್ಟೆ, ಅದರ ಮೇಲೆಲ್ಲ ಕಾರ್ಪೆಟ್. ಕಟ್ಟೆಯ ಅಂಚಿನಲ್ಲೇ ಬೇಸ್‌ನ ಆಂಪ್, ಅಂದರೆ ದನಿ ಹೊರಡಿಸುವ ದೊಡ್ಡ ಪೆಟ್ಟಿಗೆ.

ಹಿಂಬಾಗಿಲಲ್ಲಿ ಕಾವಲುಗಾರನಿದ್ದ. ಗಿಟಾರ್ ಹೊರಗೆ ಹೋಗಿದ್ದರೆ ತನ್ನ ಮೂಗಿನ ಕೆಳಗೇ ಹೋಗಬೇಕಿತ್ತು, ಹೋಗಲಿಲ್ಲ ಎಂದು ಅವನು ಆಣೆ ಇಟ್ಟ. ದಾಸ್ತಾನು ಕೋಣೆ, ಅಡುಗೆಮನೆ, ಬಚ್ಚಲು ಎಲ್ಲ ಜಾಲಾಡಿದರು. ಸಿಕ್ಕಿದ್ದು ಮ್ಯಾನೇಜರ್ ಕಳೆದುಕೊಂಡಿದ್ದ ಕನ್ನಡಕ ಮಾತ್ರ.

ಇನ್‌ಸ್ಪೆಕ್ಟರ್ ಆಂಪ್ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ಕೇಬಲ್ಲು ದುಂಡಗೆ ಸುತ್ತಿ ಆಂಪ್ ಮೇಲೆ ಇಟ್ಟಿತ್ತು.

"ಇದನ್ನ ಸುತ್ತಿದ್ದು ನೀವಾ?"

"ಇಲ್ಲ ಮೇಡಂ. ಗಿಟಾರಿಗೆ ಚುಚ್ಚಿದ ಹಾಗೇ ಬಿಟ್ಟು ಹೋಗಿದ್ದೆ. ಆಂಪ್ ಆನ್ ಇತ್ತು."

"ಆನ್ ಇರುವಾಗ ಕೇಬಲ್ ಕಿತ್ತರೆ ಏನಾಗುತ್ತೆ?"

"ಢಬ್ ಅಂತ ಸದ್ದಾಗುತ್ತೆ. ಇಡೀ ಬಾರಿಗೆ ಕೇಳಿಸುತ್ತೆ."

"ನಿನ್ನೆ ಕೇಳಿಸಿತಾ?"

ಎಡಚ ಇಲ್ಲವೆಂದು ತಲೆಯಾಡಿಸಿದ. ಆಂಪ್‌ನ ದನಿಯ ಗುಂಡಿ ಸೊನ್ನೆಗೆ ತಿರುಗಿತ್ತು. ಅದನ್ನೂ ಅವನು ತಿರುಗಿಸಿರಲಿಲ್ಲ.

"ದನಿ ತಗ್ಗಿಸಿ, ಆಮೇಲೆ ಕೇಬಲ್ ಕಿತ್ತು, ಅದನ್ನ ಚೆಂದಕ್ಕೆ ಸುತ್ತಿಟ್ಟು, ಆಮೇಲೆ ಕದ್ದಿದ್ದಾನೆ," ಎಂದರು ಇನ್‌ಸ್ಪೆಕ್ಟರ್. "ಇಷ್ಟು ಮರ್ಯಾದಸ್ಥ ಕಳ್ಳ ಹೊರಗಿನವನಲ್ಲ. ಕೈಗೆ ರೂಢಿ ಇದೆ. ಮಾರಕ್ಕೂ ಕದ್ದಿಲ್ಲ. ನಿಮ್ಮ ಹತ್ರ ಇರಬಾರದು, ಅಷ್ಟೇ ಅವನಿಗೆ ಬೇಕಾಗಿತ್ತು."

ಎಡಚನ ಮುಖ ಸಣ್ಣಗಾಯಿತು. ಕಳ್ಳ ಅಪರಿಚಿತನಾಗಿದ್ದರೆ ಬೈದಾದರೂ ಸಮಾಧಾನ ಪಡಬಹುದಿತ್ತು.

ಬ್ಯಾಂಡಿನಲ್ಲಿ ಇನ್ನು ಮೂವರು. ಸಂಜೆ ನಾಲ್ಕರಿಂದ ಒಬ್ಬೊಬ್ಬರನ್ನೇ ಠಾಣೆಗೆ ಕರೆಸಿದರು.

ಹಾಡುಗಾರ್ತಿ ಕುಳಿತುಕೊಳ್ಳುವ ಮೊದಲೇ ಮಾತು ಶುರು ಮಾಡಿದಳು. "ಅವನು ಹೋಗ್ತಿರೋದಕ್ಕೆ ನಂಗೆ ಸಿಟ್ಟಿದೆ. ಇಲ್ಲ ಅನ್ನಲ್ಲ. ಆದ್ರೆ ನಂಗೆ ಆಂಪ್ ಆನ್ ಮಾಡಕ್ಕೇ ಬರಲ್ಲ, ಇವರನ್ನೆಲ್ಲ ಕೇಳಿ ನೋಡಿ." ಕೇಳಿದರು, ನಿಜವಾಗಿತ್ತು.

ಗಿಟಾರ್‌ನವನು ಬಿಡುವಿನ ಉದ್ದಕ್ಕೂ ಜಗಲಿಯಲ್ಲಿ ಹೆಂಡತಿಯ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದ. ಹೆಂಡತಿಗೆ ಕರೆ ಮಾಡಿ ವಿಚಾರಿಸಿದಾಗ ಜಗಳ ಇನ್ನೂ ಮುಗಿದಿಲ್ಲ ಎಂಬುದೂ ತಿಳಿಯಿತು.

ಮೂರನೆಯವನು ಡ್ರಮ್ಮರ್, ಎಡಚನ ಅಕ್ಕನ ಗಂಡ. ಎಡಚನನ್ನು ಈ ಬ್ಯಾಂಡಿಗೆ ಕರೆತಂದವನೇ ಅವನು. ತಾಳ ಒಮ್ಮೆಯೂ ತಪ್ಪದವನೆಂದು ಅವನಿಗೆ ಗಡಿಯಾರ ಎಂಬ ಹೆಸರು. ದೊಡ್ಡ ಆಳು, ಮೃದು ಮಾತು.

"ಬಿಡುವಿನಲ್ಲಿ ಎಲ್ಲಿದ್ರಿ?"

"ಕೈ ತೊಳೆಯಕ್ಕೆ ಹೋಗಿದ್ದೆ. ಆಮೇಲೆ ಜಗಲಿಗೆ."

"ಎಡಚ ಹಡಗಿಗೆ ಹೋಗೋದು ನಿಮಗೆ ಇಷ್ಟ ಇದೆಯಾ?"

"ನನ್ನ ಹೆಂಡತಿ ತಮ್ಮ ಉದ್ಧಾರ ಆದ್ರೆ ಬೇಡ ಅಂತೀನಾ?"

ಒಂದೊಂದು ಪ್ರಶ್ನೆಗೂ ಅವನು ಇನ್‌ಸ್ಪೆಕ್ಟರ್ ಮುಖವನ್ನೇ ನೆಟ್ಟು ನೋಡುತ್ತಿದ್ದ. ಅವನು ಹೋದ ಮೇಲೆ ದಫೇದಾರರು ತೀರ್ಪು ಕೊಟ್ಟರು: "ಇವನಲ್ಲ ಮೇಡಂ. ಸುಳ್ಳು ಹೇಳೋನು ನೆಲ ನೋಡ್ತಾನೆ, ಗೋಡೆ ನೋಡ್ತಾನೆ. ಈ ಮನುಷ್ಯ ಮುಖದಿಂದ ಕಣ್ಣೇ ತೆಗೀಲಿಲ್ಲ."

"ಅದೇ ನನಗೂ ಅನ್ನಿಸಿದ್ದು," ಎಂದರು ಇನ್‌ಸ್ಪೆಕ್ಟರ್. "ಒಂದು ಸಲಾನೂ ತೆಗೀಲಿಲ್ಲ."

ಗುರುವಾರ ಬೆಳಿಗ್ಗೆ ಅವರಿಬ್ಬರೂ ಗಡಿಯಾರನ ಮನೆಗೆ ಹೋದರು. ಬಾಗಿಲು ತೆಗೆದದ್ದು ಎಡಚನ ಅಕ್ಕ. ಎರಡು ಕೋಣೆಯ ಮನೆ. ಒಳಕೋಣೆಯಲ್ಲಿ ಗಡಿಯಾರ ಬಾಗಿಲಿಗೆ ಬೆನ್ನು ಮಾಡಿ, ದಿಂಬಿನ ಮೇಲೆ ಕೋಲುಗಳಿಂದ ಸಾಧನೆ ಮಾಡುತ್ತಿದ್ದ.

"ಕರೀತೀನಿ ಕೂತ್ಕೊಳ್ಳಿ," ಎಂದಳು ಅಕ್ಕ. ಆದರೆ ಕರೆಯಲಿಲ್ಲ. ಒಳಕೋಣೆಯ ಬಾಗಿಲಿಗೆ ಹೋಗಿ ದೀಪದ ಸ್ವಿಚ್ಚನ್ನು ಎರಡು ಸಲ ಒತ್ತಿದಳು. ದೀಪ ಹೊತ್ತಿ ಆರಿತು. ಗಡಿಯಾರ ಕೋಲು ಕೆಳಗಿಟ್ಟು ಹಿಂತಿರುಗಿ ನೋಡಿದ.

ಅಕ್ಕ ಹಾಗೇ ನಿಂತಳು. ತಾನು ಏನು ಮಾಡಿದೆ ಎಂದು ಆಕೆಗೆ ಆಗ ಹೊಳೆದಿರಬೇಕು.

ಇನ್‌ಸ್ಪೆಕ್ಟರ್ ಕಾಫಿ ಕುಡಿದು, ಸಂಜೆ ಐದಕ್ಕೆ ಎಲ್ಲರೂ ಬಾರಿಗೆ ಬರಬೇಕು, ಒಂದು ಹಾಡು ನುಡಿಸಬೇಕು ಎಂದಷ್ಟೇ ಹೇಳಿ ಎದ್ದರು. ಬಾಗಿಲವರೆಗೆ ಬಂದ ಅಕ್ಕನನ್ನು ಮೆಲ್ಲಗೆ ಕೇಳಿದರು: "ಎಷ್ಟು ದಿನದಿಂದ?"

ಅಕ್ಕನ ಕಣ್ಣು ತುಂಬಿತು. "ನಾಲ್ಕು ವರ್ಷ. ಈಗ ಪೂರ್ತಿ ಹೋಗಿದೆ. ಯಾರಿಗೂ ಹೇಳ್ಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ದಾರೆ. ತಮ್ಮನಿಗೂ ಗೊತ್ತಿಲ್ಲ. ಆದ್ರೆ ಕದಿಯೋ ಜನ ಅಲ್ಲ ಮೇಡಂ ಅವರು."

ಜೀಪು ಹೊರಟ ಮೇಲೆ ದಫೇದಾರರು ಕೇಳಿದರು: "ಕಿವಿ ಕೇಳದವನು ತಾಳ ಹೇಗೆ ಹಾಕ್ತಾನೆ ಮೇಡಂ?"

"ಆಂಪನ್ನ ಡ್ರಮ್ ಕಟ್ಟೆ ಮೇಲೇ ಇಡಬೇಕು ಅಂತ ಹಟ ಹಿಡಿದೋರು ಯಾರು ಅಂತ ನಿನ್ನೆ ಎಡಚನ್ನ ಕೇಳ್ದೆ. ಭಾವ ಅಂದ. ಮುಖ ನೋಡಿದ್ದೂ ಮರ್ಯಾದೆಗಲ್ಲ ದಫೇದಾರ್ರೆ, ನನ್ನ ತುಟಿ ಓದ್ತಿದ್ದ. ಸಂಜೆ ಆಂಪನ್ನ ಕೆಳಗಿಳಿಸಿ ನೋಡಿದ್ರೆ, ಅವನ ತಾಳ ತಪ್ಪುತ್ತಾ ಅಂತ ಗೊತ್ತಾಗುತ್ತೆ."

ಸಂಜೆ ಐದಕ್ಕೆ ಇಬ್ಬರು ಪಂಚರ ಸಮಕ್ಷಮ ಬ್ಯಾಂಡ್ ನಿಂತಿತು. ಎಡಚನಿಗೆ ಅಂಗಡಿಯಿಂದ ಬಲಗೈಯವರ ಬೇಸ್ ತರಿಸಿದ್ದರು. ಅವನು ಅದನ್ನು ತಲೆಕೆಳಗು ಮಾಡಿ ಹಿಡಿದ. ಎಡಗಾಲಿಗೆ ಬಲಗಾಲಿನ ಚಪ್ಪಲಿ ಹಾಕಿಕೊಂಡವನ ಹಾಗೆ ಕಾಣುತ್ತಿದ್ದ.

"ಮೊದಲು ಯಾವಾಗಿನ ಹಾಗೇ ನುಡಿಸಿ," ಎಂದರು ಇನ್‌ಸ್ಪೆಕ್ಟರ್. "ಆಮೇಲೆ ಒಂದು ಬದಲಾವಣೆ ಹೇಳ್ತೀನಿ."

ನುಡಿಸಿದರು. ಎಡಚ ತಡವರಿಸಿದರೂ ಗಡಿಯಾರ ಬೆನ್ನಿಗೆ ನಿಂತ. ಎಲ್ಲಿ ಬೇಸ್ ಬಿತ್ತೋ ಅಲ್ಲೇ ಅವನ ಕಾಲಿನ ಡ್ರಮ್ಮೂ ಬಿತ್ತು. ನೋಡಿದವರು ಇವರಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೆನ್ನಬೇಕು. ಕೊನೆಯ ಸ್ವರ ಅತ್ಯಂತ ದಪ್ಪ ತಂತಿಯದು. ಎಡಚ ಅದನ್ನು ಮೀಟಿ, ಅಂಗೈ ಒತ್ತಿ ತಂತಿಯನ್ನು ಸುಮ್ಮನಾಗಿಸಿದ. ಹಾಡು ನಿಂತಿತು.

ದನಿ ನಿಲ್ಲಲಿಲ್ಲ.

ಸಣ್ಣಗೆ, ನೆಲದಿಂದ, ಅದೇ ಸ್ವರ ಇನ್ನೂ ಗುಂಯ್ ಎನ್ನುತ್ತಿತ್ತು. ಹಾಡುಗಾರ್ತಿ ತಿರುಗಿದಳು. ಗಿಟಾರ್‌ನವನು ತನ್ನ ತಂತಿ ಮುಟ್ಟಿ ನೋಡಿಕೊಂಡ. ಪಂಚರು, ದಫೇದಾರರು, ಮ್ಯಾನೇಜರ್, ಎಲ್ಲರ ಕಣ್ಣೂ ಡ್ರಮ್ ಕಟ್ಟೆಯ ಕಡೆ ಹೊರಳಿತು. ಕಟ್ಟೆಯ ಮೇಲೆ ಕುಳಿತ ಗಡಿಯಾರ ಮಾತ್ರ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ.

"ಮೇಡಂ," ಎಂದ ಎಡಚ. "ಅದು ನನ್ನದು. ಒಂದು ತಂತಿ ಮೀಟಿದ್ರೆ, ಪಕ್ಕದಲ್ಲಿ ಅದೇ ಶ್ರುತಿಯ ತಂತಿ ಇದ್ರೆ ಅದೂ ಮಿಡಿಯುತ್ತೆ. ಅದು ಒಳಗೇ ಇದೆ."

ಇನ್‌ಸ್ಪೆಕ್ಟರ್‌ಗೆ ಆಂಪ್ ಇಳಿಸುವ ಅಗತ್ಯ ಬೀಳಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ಗಡಿಯಾರ ಒಬ್ಬೊಬ್ಬರ ತುಟಿಯನ್ನೇ ಹುಡುಕಿದ. ಯಾರೂ ಮಾತಾಡುತ್ತಿರಲಿಲ್ಲ. ಅವನ ಕೈಯಿಂದ ಕೋಲು ಜಾರಿತು.

ಕಾರ್ಪೆಟ್ ಎತ್ತಿದರು. ಕಟ್ಟೆ ಟೊಳ್ಳು, ಪಕ್ಕದ ಹಲಗೆ ಸರಿಯುವಂಥದು. ಬಡಗಿಯ ಜೊತೆ ನಿಂತು ಅದನ್ನು ಕಟ್ಟಿಸಿದವನು ಗಡಿಯಾರನೇ. ಒಳಗೆ ಮಡಿಸಿದ ಕಂಬಳಿಯ ಮೇಲೆ, ತಂತಿಗೆ ನೋವಾಗದಂತೆ ಮೇಲ್ಮುಖವಾಗಿ, ಬೇಸ್ ಗಿಟಾರ್ ಮಲಗಿತ್ತು. ಮಗುಚಿ ಇಟ್ಟಿದ್ದರೆ, ಇಲ್ಲವೇ ಮೇಲೊಂದು ಬಟ್ಟೆ ಹೊದಿಸಿದ್ದರೆ ಅದು ಓಗೊಡುತ್ತಿರಲಿಲ್ಲ. ಅದು ಓಗೊಟ್ಟೀತೆಂದು, ಕೇಳದ ಕಿವಿಗೆ ನೆನಪಾಗಲಿಲ್ಲ.

ಐದೂ ನಲವತ್ತಕ್ಕೆ ಜಪ್ತಿ ಪಂಚನಾಮೆ ಬರೆದು ಪಂಚರ ಸಹಿ ಪಡೆದರು. ಇನ್‌ಸ್ಪೆಕ್ಟರ್ ಗಡಿಯಾರನ ಎದುರಿಗೆ ಬಂದು, ತುಟಿ ಸ್ಪಷ್ಟವಾಗಿ ಕಾಣುವಂತೆ ನಿಂತು, ನಿಮ್ಮನ್ನು ಬಂಧಿಸಿದ್ದೇವೆ ಎಂದು ಹೇಳಿದರು.

"ಹಡಗು ಹೋದ ಮೇಲೆ ತೆಗೆದು ಕೊಡ್ತಿದ್ದೆ," ಎಂದ ಗಡಿಯಾರ.

"ಭಾವ, ಯಾಕೆ?"

ಗಡಿಯಾರ ಕಟ್ಟೆಯ ಹಲಗೆಯನ್ನು ಅಂಗೈಯಿಂದ ಸವರಿದ. "ನಿನ್ನ ಬೆರಳು ನಂಗೆ ಕಾಲಲ್ಲಿ ಕೇಳಿಸುತ್ತೆ ಕಣೋ. ಬೇರೆಯವರದು ಕೇಳಿಸಲ್ಲ, ನೋಡಿದೀನಿ. ನೀನು ಹೋದ ದಿನಾನೇ ನಾನೂ ಮುಗೀತೀನಿ."

"ಹೇಳಬಾರದಾಗಿತ್ತಾ?"

"ಹೇಳಿದ್ರೆ ನೀನು ಹೋಗ್ತಿರಲಿಲ್ಲ," ಎಂದ ಗಡಿಯಾರ. ಹೇಳಿ ಮುಗಿಸಿದ ಮೇಲೆ ತನ್ನ ಮಾತು ತನಗೇ ವಿಚಿತ್ರವಾಗಿ ಕಂಡಿರಬೇಕು, ತಲೆ ತಗ್ಗಿಸಿದ. ತಡೆಯಲೂ ಬೇಕು, ಅದಕ್ಕೆ ಕಾರಣನೂ ಆಗಬಾರದು. ಎರಡೂ ಒಟ್ಟಿಗೆ ಬೇಕೆಂದಾಗ ಮನುಷ್ಯ ಕಳ್ಳನಾಗುತ್ತಾನೆ.

ಎಡಚ ಇನ್‌ಸ್ಪೆಕ್ಟರ್ ಕಡೆ ತಿರುಗಿದ. ದೂರು ವಾಪಸ್ ತಗೋತೀನಿ ಎಂದ. ಎಫ್‌ಐಆರ್ ಅಂದರೆ ಅಂಗಡಿಯಲ್ಲಿ ಕೊಂಡ ಅಂಗಿಯಲ್ಲ, ಅಳತೆ ಸರಿಯಿಲ್ಲ ಎಂದು ಹಿಂತಿರುಗಿಸಲು. ನಿಮ್ಮ ಮಾತು ಕೋರ್ಟಿನಲ್ಲಿ ಹೇಳಿ ಎಂದು ಆಕೆ ಗದರಿದರು. ಗಿಟಾರ್ ಕೂಡ ಈಗ ಜಪ್ತಿ ಮಾಲು, ಕೋರ್ಟಿನ ಅಪ್ಪಣೆಯಿಲ್ಲದೆ ಯಾರ ಕೈಗೂ ಹೋಗುವಂತಿಲ್ಲ ಎಂದಾಗ ಎಡಚ ಖಾಲಿ ಚೀಲವನ್ನು ಎದೆಗವಚಿಕೊಂಡ.

"ಬಸ್ಸು ನಾಳೆ ಸಂಜೆ ಆರಕ್ಕೆ ತಾನೆ?" ಎಂದರು ಇನ್‌ಸ್ಪೆಕ್ಟರ್. "ಕೋರ್ಟು ಹನ್ನೊಂದಕ್ಕೆ ಶುರು."

ಶುಕ್ರವಾರ ಗಡಿಯಾರನನ್ನು ಹಾಜರುಪಡಿಸುವಾಗಲೇ ಅವರು ಗಿಟಾರ್ ಬಿಡುಗಡೆಯ ಅರ್ಜಿಯನ್ನೂ ಹಾಕಿಸಿದರು. ಮಧ್ಯಾಹ್ನ ನೋಡೋಣ ಎಂದ ಗುಮಾಸ್ತನ ಮೇಜಿನ ಎದುರು ಊಟ ಬಿಟ್ಟು ನಿಂತರು. ಅವನು ಮೂರು ಸಲ ಕೂತ್ಕೊಳ್ಳಿ ಮೇಡಂ ಎಂದ, ಇವರು ಕೂರಲಿಲ್ಲ. ಮೂರೂವರೆಗೆ ಎರಡೂ ಆದೇಶ ಬಂದವು: ಗಡಿಯಾರನಿಗೆ ಜಾಮೀನು, ಎಡಚನಿಗೆ ಗಿಟಾರ್. ಜಾಮೀನಿಗೆ ಸಹಿ ಹಾಕಿದವನು ಫಿರ್ಯಾದಿಯೇ. ಇಂಥದ್ದನ್ನು ನನ್ನ ಸರ್ವಿಸ್‌ನಲ್ಲೇ ನೋಡಿಲ್ಲ ಎಂದು ದಫೇದಾರರು ಇನ್ನೂ ಹೇಳುತ್ತಾರೆ.

ಉಳಿದ ಕಾಗದ ಬರುವವರೆಗೆ ಗಡಿಯಾರ ಕೋರ್ಟಿನ ಮೊಗಸಾಲೆಯ ಉದ್ದ ಬೆಂಚಿನ ಒಂದು ತುದಿಯಲ್ಲಿ ಕುಳಿತಿದ್ದ, ನಡುವೆ ದಫೇದಾರರು, ಆಚೆ ತುದಿಯಲ್ಲಿ ಅಕ್ಕ. ಎಡಚ ಚೀಲದಿಂದ ಗಿಟಾರ್ ತೆಗೆದು ಶ್ರುತಿ ನೋಡಿದ. ಆಂಪ್ ಇಲ್ಲದ ಬೇಸ್ ಎರಡು ಮಾರು ದೂರಕ್ಕೂ ಕೇಳುವುದಿಲ್ಲ. ಅವನು ಬೆಂಚಿನ ಹತ್ತಿರ ಬಂದು, ಗಿಟಾರಿನ ತುದಿಯನ್ನು ಅದರ ಹಲಗೆಗೆ ಬಿಗಿಯಾಗಿ ಒತ್ತಿ ಹಿಡಿದು ದಪ್ಪ ತಂತಿ ಮೀಟಿದ.

ದಫೇದಾರರು ಕುಳಿತಲ್ಲೇ ಬೆಚ್ಚಿ ಸ್ವಲ್ಪ ಸರಿದರು. ಗಡಿಯಾರ ತಲೆ ಎತ್ತಲಿಲ್ಲ. ಒಂದು ಗಳಿಗೆಯ ನಂತರ ಅವನ ಬಲಗಾಲು ನೆಲದ ಮೇಲೆ ತಾಳ ಹಾಕತೊಡಗಿತು, ಎಲ್ಲಿ ಬೇಸ್ ಬಿತ್ತೋ ಅಲ್ಲೇ. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹಾಡು ಮುಗಿಯುವವರೆಗೆ ಅಲ್ಲಿ ಯಾರೂ ಏಳಲಿಲ್ಲ.

ಠಾಣೆಗೆ ಮರಳಿದ ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆರೆದರು. ಅಪರಾಧದ ಉದ್ದೇಶ ಎಂಬಲ್ಲಿ ಮೊದಲು "ಸ್ವಾರ್ಥ" ಎಂದು ಬರೆದು ಹೊಡೆದು ಹಾಕಿದರು. ಆಮೇಲೆ ಬರೆದರು: "ಆರೋಪಿಗೆ ಜಗತ್ತಿನಲ್ಲಿ ಕೇಳಿಸುತ್ತಿದ್ದುದು ಇದೊಂದೇ ದನಿ. ಅದು ಊರು ಬಿಡುವುದಿತ್ತು."

ಗೋಡೆಯ ಮೇಲೆ ಗಂಟೆ ಆರು. ಬಸ್ ನಿಲ್ದಾಣಕ್ಕೆ ಬಿಡಲು ಹೋಗಿದ್ದ ದಫೇದಾರರು ಫೋನ್ ಮಾಡಿ, ಬಸ್ ಹೊರಟಿತು ಮೇಡಂ, ಚೀಲ ತುಂಬಿತ್ತು ಎಂದರು.