ಚಿತ್ರಮೂಲ ಬರೆದ ನೆರಳು

"ಸಾಹೇಬ್ರ, ಗಿಡದ ಮ್ಯಾಲ ನೆರಳ ಬೀಳಿಸಬ್ಯಾಡ್ರಿ! ಬಿದ್ದ ನೆರಳನ್ನ ಅದು ಬರಕೊಂತೈತಿ. ಹೆಸರಿನಾಗ ಐತಲ್ರಿ, ಚಿತ್ರಮೂಲ!"

ಕಿನ್ನಾಳದಾಚೆಯ ಗುಡ್ಡದಲ್ಲಿ ಬೇರು ಅಗೆದು ಕೊಡುವ ಸಣ್ಣವ್ವ ಕೂಗಿಕೊಂಡಳು. ತಾಹೇರ ಹಲ್ಲು ಕಿರಿದ. "ಗಿಡ ಫೋಟೋ ತಗಿತೈತೇನು? ಸರಿ ಮುದುಕಿ, ಆಕಡೆ."

ಇವನು ಕಲಬುರ್ಗಿಯಿಂದ ಗಿಣಿಗೇರಾದ ಕಾರ್ಖಾನೆಗೆ ಹೊಸದಾಗಿ ಬಂದ ಸೇಫ್ಟಿ ಸಾಹೇಬ. ಹೆಲ್ಮೆಟ್ ಹಾಕದ ಕೂಲಿಯವರನ್ನು ನಾಯಿಗಿಂತ ಕಡೆಯಾಗಿ ಬೈದು ಹೊರಗಟ್ಟುವ ಭೂಪ. ಇಲ್ಲಿ ಮಾತ್ರ ಗ್ಲೌಸಿಲ್ಲದ ಬರಿಗೈ, ಮೈತುಂಬ ಜಂಬ! ತಾಯಿ ಮೈಮುನಬಿ ಮೊಣಕಾಲು ನೋವಿನಿಂದ ಹಾಸಿಗೆ ಹಿಡಿದು ಆರು ತಿಂಗಳು. ಈ ಬೇರು ಹಚ್ಚಿ ಅವಳು ಎದ್ದು ನಡೆದರೆ ಸಾಕಿತ್ತು ಅವನಿಗೆ. ಆ ಆಸೆಯೊಂದು ಸುಳ್ಳಲ್ಲ ಬಿಡಿ.

ಬಂಡೆಯ ಸಂದಿಯಲ್ಲಿ, ಬೇಸಿಗೆಗೂ ಬಾಡದ ಹಸಿರಿನೆದುರು, ಕುಕ್ಕರುಗಾಲಲ್ಲಿ ಕೂತು ಗುದ್ದಲಿ ಎತ್ತಿದ. ಎತ್ತಿದ ಗುದ್ದಲಿ ಸಮೇತ ಅವನ ನೆರಳು ಬಿಳಿ ಹೂಗಳ ಮೇಲೆ ಬಿತ್ತು. ಬೇರು ಕಿತ್ತಾಗ ಖಾರದ ಘಾಟು ಮೂಗಿಗೆ ಹೊಡೆಯಿತು.

"ಸುಣ್ಣದ ತಿಳಿಯಾಗರ ನೆನಸ್ರಿ. ನೀರು ಕೆಂಪಾದ್ರ ಚೆಲ್ಲಿ ಮತ್ತ ನೆನಸ್ರಿ. ಹಸೀದು ಹಚ್ಚಿದ್ರ ಮೈ ಸುಡತೈತಿ."

"ಸುಣ್ಣ ನಿನ್ನ ಎಲಿ-ಅಡಕಿಗೆ ಇಟ್ಕೊ," ಎಂದವನೇ ಮನೆಗೆ ಬಂದು, ಹಸಿಬೇರನ್ನೇ ಅರೆದು ತಾಯಿಯ ಮೊಣಕಾಲಿಗೆ ಮೆತ್ತಿ ಪಟ್ಟಿ ಕಟ್ಟಿದ.

ಬೆಳಗ್ಗೆ ಪಟ್ಟಿ ಬಿಚ್ಚಿದರೆ ಸುಟ್ಟ ಚರ್ಮದ ವಾಸನೆ. ದೊಡ್ಡ ಬೊಬ್ಬೆ. ಅದಕ್ಕೊಂದು ಆಕಾರ. ಕುಕ್ಕರುಗಾಲಲ್ಲಿ ಕೂತ ಮನುಷ್ಯ. ಕೈಯಲ್ಲಿ ಗುದ್ದಲಿ.

ಗುದ್ದಲಿ ಮೇಲೆದ್ದಿತು. ಇಳಿಯಿತು. ಮೂಳೆಯೊಳಗೆ ಟಕ್ಕೆಂದಿತು.

"ಬೇಟಾ, ಕಾಲಾಗ ಯಾರೋ ಅಗ್ಯಾಕತ್ಯಾರೋ!"

ದವಾಖಾನೆಯವರು ಬೊಬ್ಬೆಗೆ ಮುಲಾಮು ಕೊಟ್ಟರು. ಟಕ್. ಇಂಜೆಕ್ಷನ್ ಕೊಟ್ಟರು. ಟಕ್. ತಾಹೇರ ಗುಡ್ಡಕ್ಕೆ ಓಡಿದ. ಸಣ್ಣವ್ವನ ಕಾಲು ಹಿಡಿದ.

"ಯವ್ವಾ, ನಮ್ಮ ಅಮ್ಮೀನ್ನ ಉಳಸು!"

ನಿನ್ನೆಯ ಮುದುಕಿ ಇವತ್ತು ಯವ್ವ ಆದಳು ನೋಡಿ! ಸಣ್ಣವ್ವ ಮುಖ ತಿರುಗಿಸಿದಳು. "ನಿಮ್ಮ ಚಿತ್ರ, ನೀವ ಇಸ್ಕೋಬೇಕು. ಉಳಿದ ಬೇರು ನಿಮ್ಮ ಕಾಲಿಗೆ ಹಚ್ಕೋರಿ. ಆಮ್ಯಾಲ ಆ ಕಾಲು ನಿಮ್ಮವಲ್ಲ."

ಮನೆಗೆ ಬಂದ. ಅರೆದ. ತಾಯಿ ಮತ್ತೆ ಚೀರಿದಳು. ಕಣ್ಣು ಮುಚ್ಚಿ ಹಚ್ಚಿಕೊಂಡ. ಉರಿ. ಮೊಣಕಾಲು ತಾನಾಗಿ ಮಡಚಿಕೊಂಡಿತು. ಇನ್ನೊಂದೂ ಮಡಚಿಕೊಂಡಿತು. ಅವನ ಮೂಳೆಯೊಳಗೆ ಟಕ್ಕೆಂದಿತು.

ಮೈಮುನಬಿಯ ಚೀರಾಟ ನಿಂತಿತು.

ಈಗ ಅವಳು ಚೆನ್ನಾಗಿ ನಡೆಯುತ್ತಾಳೆ. ಕುಕ್ಕರುಗಾಲಲ್ಲೇ ಉಳಿದ ಮಗನಿಗೆ ದಿನಾ ಜಳಕದ ನೀರು ಹೊತ್ತು ತರುವವಳು ಅವಳೇ.