ನೀರು ಬಿದ್ದಾಗ ಮೂಡುವ ಕೈ

ಜೂನ್ 25, ಬುಧವಾರ, ಅಮಾವಾಸ್ಯೆ. ಬೆಳಿಗ್ಗೆ ಎಂಟೂವರೆಗೆ ಕುಕನೂರು ಠಾಣೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಒಳಗೆ ಬಾ ಅಂದರೆ ಬರಳು, ಮನೆಗೆ ಹೋಗು ಅಂದರೆ ಹೋಗಳು. ಪಿಎಸ್‌ಐ ಭವಾನಿ ಜೀಪಿನಿಂದ ಇಳಿದದ್ದೇ ತಡ, ಎದ್ದು ಬಂದು ಕೈ ಹಿಡಿದುಕೊಂಡಳು.

"ನಮ್ಮವ್ವನ ಹಲ್ಲು ಕೀಳ್ತಾರ್ರಿ ಮೇಡಂ. ಇವತ್ತ ಸಂಜಿಗೆ."

"ಯಾರು?"

"ಊರವರು. ನಮ್ಮವ್ವ ಬಾನಾಮತಿ ಮಾಡ್ಯಾಳಂತ. ಹಲ್ಲು ಕಿತ್ತರ ಮಂತ್ರ ಬಾಯಾಗ ನಿಲ್ಲಂಗಿಲ್ಲಂತ."

ಬಾನಾಮತಿ. ಕುಷ್ಟಗಿಯ ಓಣಿಯಲ್ಲಿ ಬೆಳೆದ ಭವಾನಿಗೆ ಈ ಮಾಟದ ಹೆಸರು ಹೊಸದಲ್ಲ. ಅವಳು ಚಿಕ್ಕವಳಿದ್ದಾಗ ಓಣಿಯಲ್ಲಿ ಯಾರದೋ ಮನೆಯ ಬಟ್ಟೆಗೆ ತಾನಾಗೇ ಬೆಂಕಿ ಹತ್ತಿತೆಂದು ಸುದ್ದಿಯಾಗಿ, ತಾಯಿ ಅವಳ ಸೊಂಟಕ್ಕೆ ಕರೀ ದಾರ ಕಟ್ಟಿ ತಿಂಗಳುಗಟ್ಟಲೆ ಹೊರಗೆ ಬಿಟ್ಟಿರಲಿಲ್ಲ. ಈಗ ಅದೇ ಸೊಂಟಕ್ಕೆ ಪಿಸ್ತೂಲು ಬಂದಿದೆ. ಆದರೂ ಆ ಶಬ್ದ ಕಿವಿಗೆ ಬಿದ್ದರೆ ಅಂಗಾಲು ಜುಂ ಅನ್ನುವುದು ಇನ್ನೂ ನಿಂತಿಲ್ಲ, ಏನು ಮಾಡುವುದು!

ಹೆಂಗಸಿನ ಹೆಸರು ಹುಲಗೆಮ್ಮ, ಊರು ಕರಿಬನ್ನಿ. ತಾಯಿ ಮಾರೆವ್ವ ಕೂಲಿ ಮಾಡುವ ಮುದುಕಿ. ಊರಿನ ಬೀಜ-ಗೊಬ್ಬರದ ಅಂಗಡಿಯ ರುದ್ರೇಶನ ಕಾರು ಎರಡು ವಾರದ ಹಿಂದೆ ಆಕೆಯನ್ನು ಸವರಿಕೊಂಡು ಹೋಗಿ ತಲೆ ಮೇಲಿನ ಬುಟ್ಟಿ ಬೀಳಿಸಿತ್ತು. ಮಾರೆವ್ವ ಅಟ್ಟಿಸಿಕೊಂಡು ಹೋಗಿ ಕಾರಿನ ಗಾಜಿಗೆ ಅಂಗೈಯಿಂದ ಬಡಿದು, "ನಿನ್ನ ಗಾಡಿಗೆ ಮಣ್ಣು ಹಾಕ" ಎಂದು ಬೈದಿದ್ದಳು. ಮಾರನೇ ದಿನ ಮಳೆ ಬಂತು. ಮಳೆಯಲ್ಲಿ ಅದೇ ಗಾಜಿನ ಮೇಲೆ ಒಂದು ಕೈ ಮೂಡಿತಂತೆ.

"ನೀ ನೋಡಿಯೇನು?"

"ಊರಿಗೂರ ನೋಡೈತ್ರಿ."

ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿ, ಮುಖ್ಯಪೇದೆ ಹಂಪಣ್ಣ, ಪೇದೆ ಶಮಾ ಮತ್ತು ಇಬ್ಬರು ಗೃಹರಕ್ಷಕರನ್ನು ಕರೆದುಕೊಂಡು ಹುಲಗೆಮ್ಮನನ್ನೂ ಜೀಪು ಹತ್ತಿಸಿ ಭವಾನಿ ಕರಿಬನ್ನಿಗೆ ಹೊರಟಳು.

ರುದ್ರೇಶನ ಮನೆಯ ಅಂಗಳದಲ್ಲಿ ಬಿಳಿ ಕಾರು ನಿಂತಿತ್ತು. ಸುತ್ತಲೂ ಲಿಂಬೆಹಣ್ಣು, ಕುಂಕುಮ. ಬಾನೆಟ್ಟಿನ ಮೇಲೆ ಒಡೆದ ತೆಂಗಿನಕಾಯಿ ಒಣಗಿ ಕೂತಿತ್ತು. ಮೂವತ್ತೈದರ ಗಟ್ಟಿ ಆಳು ರುದ್ರೇಶ ಪಡಸಾಲೆಯ ಕಂಬಕ್ಕೆ ಒರಗಿ, ಕಾರಿನ ಕಡೆ ನೋಡದೆ ಮಾತಾಡುತ್ತಿದ್ದ.

"ಕೊಪ್ಪಳದಿಂದ ಬರಾಕತ್ತಿದ್ದೆ. ಮಳಿ ಹತ್ತಿತು. ಕಣ್ಣ ಮುಂದ ಕೈ ಬಂತ್ರಿ. ಕೈ ಕೆಳಗ 'ಬಾ' ಅಂತ ಬರದಿತ್ತು. ಅಲ್ಲೇ ಗಾಡಿ ಬಿಟ್ಟು ನಡಕೊಂಡ ಬಂದೆ."

"ಆಮ್ಯಾಲ?"

"ಮುಟ್ಟಿಲ್ಲ. ಆಳು ದೂಡಿಕೊಂಡ ಬಂದು ಇಲ್ಲಿ ನಿಲ್ಲಿಸ್ಯಾನ."

ಬೆಳಿಗ್ಗೆ ಹನ್ನೊಂದಕ್ಕೆ ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ಒಣ ಗಾಜಿನ ಮೇಲೆ ಏನೆಂದರೆ ಏನೂ ಇರಲಿಲ್ಲ. ಕುಂಕುಮ, ಧೂಳು ಒರೆಸಿ ಹಂಪಣ್ಣ ಬೆಳಕಿಗೆ ಓರೆಯಾಗಿ ಬಗ್ಗಿ ನೋಡಿದ. ಸ್ವಚ್ಛ ಗಾಜು.

"ನೀರು ತರ್ರಿ," ಅಂದಳು ಭವಾನಿ.

ರುದ್ರೇಶನ ಹೆಂಡತಿ ಅಮೃತಾ ಕೊಡ ತಂದುಕೊಟ್ಟಳು. ಗಾಜಿನ ಕಡೆ ನೋಡದೆ ಅವಳು ಒಳಗೆ ಸರಿದಳು. ಅಲ್ಲಿದ್ದ ಎಲ್ಲರೂ ಗಾಜಿನಿಂದ ಮುಖ ತಿರುಗಿಸುತ್ತಿದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹಂಪಣ್ಣ ಗಾಜಿನ ಮೇಲೆ ನೀರು ಸುರಿದ. ನೀರು ಗಾಜಿನ ತುಂಬ ಹಾಸಿಕೊಂಡು ಇಳಿಯಿತು. ಚಾಲಕನ ಮುಖದ ನೇರಕ್ಕೆ ಮಾತ್ರ ಹಾಸಲಿಲ್ಲ. ಅಲ್ಲಿ ನೀರು ಹಿಂದೆ ಸರಿದು ದಾರಿ ಬಿಟ್ಟಿತು. ಮೊದಲು ಹೆಬ್ಬೆರಳು, ಆಮೇಲೆ ನಾಲ್ಕು ಬೆರಳು, ಅಂಗೈ. ಅದರ ಕೆಳಗೆ ತಿರುವುಮುರುವಾದ ಒಂದು ಅಕ್ಷರ.

ಪಂಚರಲ್ಲೊಬ್ಬ "ಯಪ್ಪಾ" ಎಂದು ಗೇಟಿನ ಹೊರಗೆ ಓಡಿದ. ಭವಾನಿಗೂ ಓಡಬೇಕು ಅನ್ನಿಸಿದ್ದು ಸುಳ್ಳಲ್ಲ. ಆದರೆ ಖಾಕಿ ತೊಟ್ಟವಳು ಓಡಿದರೆ ಮಾರೆವ್ವನ ಬಾಯಲ್ಲಿ ಒಂದು ಹಲ್ಲೂ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಲ್ಲು ಕಚ್ಚಿ ಕಾರಿನೊಳಗೆ ಹೋಗಿ ಚಾಲಕನ ಸೀಟಿನಲ್ಲಿ ಕೂತಳು. ಒಳಗಿನಿಂದ ಅಕ್ಷರ ನೆಟ್ಟಗೆ ಓದಿಸಿಕೊಂಡಿತು: ಬಾ.

ಇಳಿದು ಬಂದು ಆ ಕೈಯ ಮೇಲೆ ಬೆರಳಾಡಿಸಿದಳು. ಉಳಿದ ಗಾಜಿಗಿಂತ ಅಲ್ಲಿ ನುಣುಪು ಜಾಸ್ತಿ. ಹೋದ ವರ್ಷ ಮಳೆಯಲ್ಲಿ ಮೇಲಧಿಕಾರಿಯೊಬ್ಬರ ಕಾರಿನಲ್ಲಿ ಕೂತಿದ್ದಾಗ, ಗಾಜಿನ ಮೇಲೆ ನೀರು ತಾವರೆ ಎಲೆಯ ಮೇಲಿನ ಹನಿಯಂತೆ ಜಾರಿ ಹೋಗುತ್ತಿದ್ದುದು ನೆನಪಾಯಿತು. ಅದೇನೋ ಔಷಧ ಹಚ್ಚಿಸಿದ್ದೇನೆ ಎಂದಿದ್ದರು ಅವರು.

"ಗಾಡಿ ಕಡೀಕ ಯಾವಾಗ ತೊಳದದ್ದು?" ಎಂದು ರುದ್ರೇಶನನ್ನು ಕೇಳಿದಳು.

"ಹೋದ ಅಮಾಸಿಗ್ರಿ. ಅಮಾಸಿಗೊಮ್ಮೆ ತೊಳದು ಪೂಜಿ ಮಾಡ್ತೀವಿ. ನಡುವ ಒಣ ಅರಿವೀಲೆ ಒರಸೋದು. ನಮ್ಮ ಕಡೆ ಗಾಡಿಗೆ ಹಾಕಾಕ ನೀರೆಲ್ಲೈತ್ರಿ?"

"ಅವತ್ತು ಈ ಕೈ ಇತ್ತೇನು?"

"ಇರಲಿಲ್ರಿ."

ಅಂದರೆ ಅಮಾವಾಸ್ಯೆಗೂ ಮಳೆಗೂ ನಡುವೆ ಯಾವ ದಿನ ಬೇಕಾದರೂ ಹಚ್ಚಿರಬಹುದು. ದಿನಾ ಗಾಡಿ ತೊಳೆಯುವ ಕಾಲುವೆ ಸೀಮೆಯಾಗಿದ್ದರೆ ಮರುದಿನವೇ ಬಯಲಾಗುತ್ತಿತ್ತು. ಇಲ್ಲಿ ಒಣ ಬಟ್ಟೆ ಅದನ್ನು ಬಚ್ಚಿಟ್ಟಿತ್ತು. ಊರು ಮಾತ್ರ ಮಳೆಯ ಹಿಂದಿನ ದಿನ ಗಾಜು ಮುಟ್ಟಿದವಳು ಯಾರು ಎಂದಷ್ಟೇ ನೋಡಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

"ಮಾರೆವ್ವಗ ಓದು ಬರಹ ಬರತೈತೇನು?"

"ಇಲ್ರಿ. ಹೆಬ್ಬೆಟ್ಟು."

"ಮತ್ತ ಈ ಅಕ್ಷರ ಹೆಂಗ ಬರದ್ಲು?"

ರುದ್ರೇಶ ಅವಳನ್ನು ಕನಿಕರದಿಂದ ನೋಡಿದ. "ಏನ್ ಮೇಡಂ, ದೆವ್ವಕ್ಕ ಸಾಲಿ ಬೇಕೇನ್ರಿ?"

ಕಾರಿನ ಹಿಂದಿನ ಗಾಜಿಗೆ ಗಂಗಾವತಿಯ ಕಾರು ಅಲಂಕಾರದ ಅಂಗಡಿಯೊಂದರ ಚೀಟಿ ಅಂಟಿಸಿತ್ತು. ಭವಾನಿ ಅದರ ಫೋಟೊ ತೆಗೆದುಕೊಂಡು ಮಾರೆವ್ವನ ಮನೆಗೆ ನಡೆದಳು. ಊರ ಕೊನೆಯ ತಗಡಿನ ಮನೆ. ಮುದುಕಿ ಒಲೆಯ ಹಿಂದೆ ಮುದುಡಿ ಕೂತಿದ್ದಳು.

"ಠಾಣೆಗೆ ಬಾ ಯವ್ವಾ. ಇವತ್ತೊಂದಿನ ಅಲ್ಲೇ ಇರು."

"ಒಲ್ಲೆ. ಪೊಲೀಸ್ರು ಒಯ್ದ್ರಂದ್ರ ನಾನ ಮಾಡೀನಿ ಅಂದಂಗಾತು. ತಿರುಗಿ ಈ ಊರಾಗ ಹೆಂಗ ಬಾಳೇ ಮಾಡ್ಲಿ?"

ಎಷ್ಟು ಹೇಳಿದರೂ ಕೇಳಲಿಲ್ಲ. ಎತ್ತಿಕೊಂಡು ಹೋಗಬಹುದಿತ್ತು. ಭವಾನಿ ಹಾಗೆ ಮಾಡಲಿಲ್ಲ. ಸಂಜೆಗೆ ಇನ್ನೂ ಹೊತ್ತಿದೆ, ಅಷ್ಟರೊಳಗೆ ಔಷಧ ಕೊಂಡವರ ಹೆಸರು ಹಿಡಿದು ಬರುತ್ತೇನೆ ಎಂದು ಎಣಿಸಿ, ಶಮಾ ಮತ್ತು ಗೃಹರಕ್ಷಕರನ್ನು ಅಲ್ಲೇ ಕಾವಲಿಗೆ ಬಿಟ್ಟು ಹಂಪಣ್ಣನ ಜೊತೆ ಗಂಗಾವತಿಗೆ ಹೊರಟಳು. ಅದು ತಪ್ಪು ಎಣಿಕೆ.

ಗಂಗಾವತಿಯ ಅಂಗಡಿ ಮಾಲೀಕ ಯಮನೂರಪ್ಪ ಪಂಚನಾಮೆಯ ಹೊತ್ತಿಗೆ ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೊ ನೋಡಿ ನಕ್ಕೇಬಿಟ್ಟ.

"ಇದು ದೆವ್ವಲ್ರಿ, ನಮ್ಮ ಸೀಸೆ. ಮಳಿ ನೀರು ಗಾಜಿಗೆ ಹತ್ತಬಾರ್ದು ಅಂತ ಹಚ್ಚೋದು. ಪೂರಾ ಗಾಜಿಗೆ ಹಚ್ಚಿದ್ರ ಪೂರಾ ಜಾರತೈತಿ. ಕೈಗೆ ಬಳಕೊಂಡು ಒತ್ತಿದ್ರ ಕೈಯಷ್ಟ ಜಾರತೈತಿ. ಒಣಗಿದ್ರ ಏನೂ ಕಾಣಂಗಿಲ್ಲ."

"ಈ ಬಿಳಿ ಗಾಡಿ ನೆನಪೈತೇನು? ಕುಕನೂರು ಕಡೇದು."

ಯಮನೂರಪ್ಪನ ನಗು ನಿಂತಿತು. "ಐತ್ರಿ. ಹೋದ ತಿಂಗಳ ಬಂದಿತ್ತು. ಮುಂದಿನ ಲೈಟು ಒಡದಿತ್ತು. ಸೇತುವಿಗೆ ಗುದ್ದ್ಯಾರಂತ. ಸಾಹುಕಾರ್ರು ಹಿಂದಿನ ಸೀಟಿನ್ಯಾಗ ಕುಡದು ಬಿದ್ದಿದ್ರು. ಅವ್ರ ಮನಿಯವ್ರು, ಒಂದು ಹೆಣ್ಣಕೂಸು ಇಲ್ಲಿ ಕುಂತಿದ್ರು. ನಾನು ಬ್ಯಾರೆ ಗಿರಾಕಿಗೆ ಈ ಔಷಧ ಬೆರಳಿಲೆ ಹಚ್ಚಿ ನೀರು ಹೊಡದು ತೋರಿಸಿದೆ. ಅಕ್ಕಾರು ಇನ್ನೊಮ್ಮೆ ತೋರಸು ಅಂದ್ರು. ಆಮ್ಯಾಲ ಒಂದ ಸೀಸೆ ಕೊಂಡ್ರು."

"ತಿರುಗಿ ಗಾಡಿ ಯಾರು ಹೊಡದ್ರು?"

"ಸಾಹುಕಾರ್ರ. ಎದ್ದಾರ, ಕಣ್ಣು ನೆಟ್ಟಗಿಲ್ಲ. ಆ ಕೂಸಿನ್ನ ತೊಡೀ ಮ್ಯಾಲ ಕುಂದರಿಸಿಕೊಂಡು ಹೊಡಕೊಂಡ ಹೋದ್ರು. ಅಕ್ಕಾರು ಕಾಲಿಗೆ ಬಿದ್ರೂ ಕೇಳಲಿಲ್ಲ. ನನಗ ಅವತ್ತು ಊಟ ಸೇರಲಿಲ್ಲ ನೋಡ್ರಿ."

ಭವಾನಿ ಒಂದು ಸೀಸೆ ತೆಗೆದುಕೊಳ್ಳುತ್ತಿದ್ದಾಗಲೇ ಫೋನು ಬಂತು. ಶಮಾಳ ದನಿ ಉಸಿರಿಗೆ ಸಿಕ್ಕಿ ಒಡೆಯುತ್ತಿತ್ತು.

"ಮೇಡಂ, ಬಂದಾರ್ರಿ. ಸಂಜಿತನಕ ಬಿಟ್ರ ಪೊಲೀಸ್ರು ಮುದುಕೀನ ಒಯ್ತಾರಂತ ಈಗ ಬಂದಾರ. ಬಾಗ್ಲಾ ಹಾಕ್ಕೊಂಡೀನಿ. ಹೋಂಗಾರ್ಡ್ ಇಬ್ಬರನ್ನೂ ಹೊರಗ ಹಿಡಕೊಂಡಾರ, ಭಾಳ ಮಂದಿ ಅದಾರ್ರಿ."

ಫೋನಿನಲ್ಲಿ ತಗಡು ಕಿತ್ತುಬರುವ ಕರಕರ ಸದ್ದು ಕೇಳಿಸಿತು. ಮೇಲೆ ಹತ್ತಿದ್ದಾರೆ. ಆಮೇಲೆ ಫೋನು ಸತ್ತಿತು.

ಕೊಪ್ಪಳದ ಕಂಟ್ರೋಲ್ ರೂಮಿಗೆ ಹೇಳಿ ಮೀಸಲು ವ್ಯಾನು ಹೊರಡಿಸಿದಳು. ಅದು ಅವಳಿಗಿಂತ ಹತ್ತಿರದಲ್ಲಿತ್ತು, ಆದರೂ ದೂರವೇ. ಜೀಪು ಓಡುತ್ತಲೇ ಇತ್ತು, ದಾರಿ ಸವೆಯುತ್ತಿರಲಿಲ್ಲ. ಎತ್ತಿಕೊಂಡು ಹೋಗಿದ್ದರೆ, ಎತ್ತಿಕೊಂಡು ಹೋಗಿದ್ದರೆ ಎಂದು ಅವಳ ಮನಸ್ಸು ಬಡಿದುಕೊಳ್ಳುತ್ತಿತ್ತು. ಪಕ್ಕದಲ್ಲಿ ಹಂಪಣ್ಣ ತನ್ನ ಮನೆದೇವರನ್ನು ನೆನೆಯುತ್ತಿದ್ದ.

ಕರಿಬನ್ನಿ ಮುಟ್ಟಿದಾಗ ಮಧ್ಯಾಹ್ನ ಮೂರೂವರೆ. ಮೀಸಲು ವ್ಯಾನು ಆಗತಾನೇ ಬಂದು ಲಾಠಿ ಬೀಸಿ ಗುಂಪನ್ನು ಹಿಂದೆ ತಳ್ಳಿತ್ತು. ಅಂಗಳದಲ್ಲಿ ಶಮಾ ಹಣೆ ಒಡೆದುಕೊಂಡು ಮಾರೆವ್ವನ ಮೇಲೆ ಅಡ್ಡ ಬಿದ್ದಿದ್ದಳು. ಮುದುಕಿಯ ಬಾಯಿ ರಕ್ತವಾಗಿತ್ತು. ಮುಂದಿನ ಎರಡು ಹಲ್ಲು ಇರಲಿಲ್ಲ. ಇಕ್ಕಳ ರುದ್ರೇಶನ ಕೈಯಲ್ಲೇ ಇತ್ತು. ಅವನು ಅಳುತ್ತಿದ್ದ.

"ನನ್ನ ಕರ್ಯಾಕತ್ತೈತ್ರಿ ಅದು! ನನ್ನ ಸಾಯಿಸ್ತೈತಿ!"

ಮಾರೆವ್ವನನ್ನೂ ಶಮಾಳನ್ನೂ ಆಂಬುಲೆನ್ಸ್ ಹತ್ತಿಸಿದರು. ಗುಂಪು ಕರಗಲಿಲ್ಲ. ಹಿಂದಿನಿಂದ ಯಾರೋ ಕೂಗಿದರು: "ತಾಯಿ ಹೋದ್ರ ಮಗಳು ಅದಾಳ! ವಿದ್ಯಾ ಮಗಳಿಗಿ ಇಳೀತೈತಿ!" ಹುಲಗೆಮ್ಮ ಗೋಡೆಗೆ ಅಂಟಿಕೊಂಡಳು.

ಇದನ್ನು ಲಾಠಿ ನಿಲ್ಲಿಸುವುದಿಲ್ಲ ಎಂದು ಭವಾನಿಗೆ ಗೊತ್ತಾಯಿತು. ಸೀಸೆ ತೆಗೆದು ಜೀಪಿನ ಗಾಜು ಒರೆಸಿ, ಅಂಗೈಗೆ ಔಷಧ ಬಳಿದುಕೊಂಡು ಒತ್ತಿದಳು. ಕೆಳಗೆ ಬೆರಳಿನಿಂದ 'ಬಾ' ಎಂದು ಬರೆದಳು.

"ಎಲ್ಲಾರೂ ಮುಂದ ಬರ್ರಿ. ಕಾಣತೈತೇನು?"

ಒಣಗಿದ ಮೇಲೆ ಏನೂ ಕಾಣಲಿಲ್ಲ. ಹಂಪಣ್ಣ ನೀರು ಸುರಿದ. ಕೈ ಮೂಡಿತು. ಮುಂದಿದ್ದವರು ಹಿಂದೆ ಸರಿದರು, ಹಿಂದಿದ್ದವರು ಮುಂದೆ ನುಗ್ಗಿದರು.

"ನನ್ನ ಹಲ್ಲೂ ಕೀಳ್ತೀರೇನು ಈಗ?" ಭವಾನಿ ಚೀರಿದಳು. "ಪ್ಯಾಟ್ಯಾಗ ಮಾರೋ ಔಷಧ ಇದು! ಒಂದು ಸೀಸೆ ಔಷಧಕ್ಕ ಮುದುಕೀ ಬಾಯಿ ಹರದ್ರೆಲ್ಲೋ, ನಿಮ್ಮ ಕೈಗೆ ಹುಳ ಬೀಳಲಿ!"

ಪೊಲೀಸ್ ಅಧಿಕಾರಿ ಆಡಬಾರದ ಮಾತು. ಆಡಿಬಿಟ್ಟಳು. ಊರು ತಲೆ ತಗ್ಗಿಸಿ ನಿಂತಿತು. ತಲೆ ಎತ್ತಿದವನು ಒಬ್ಬನೇ. ರುದ್ರೇಶ ಗಾಜಿನ ಹತ್ತಿರ ಬಂದು ಆ ಕೈಯನ್ನು ಉಗುರಿನಿಂದ ಕೆರೆದ.

"ಇಷ್ಟ ಏನ್ರಿ? ಹಂಗಾದ್ರ ನನಗೇನೂ ಆಗಂಗಿಲ್ಲ?"

ಅಳುತ್ತಿದ್ದ ಮುಖದಲ್ಲಿ ನಗು ಬಂತು. ಎದೆ ಸೆಟೆಯಿತು. ಆ ಮುಖದಿಂದ ಹೆದರಿಕೆ ಇಳಿದು ಹೋದದ್ದನ್ನು ಭವಾನಿ ಕಣ್ಣಾರೆ ನೋಡಿದಳು.

"ಯಾವ ಮಗ ಹಚ್ಚಿದಂವ? ಹೇಳ್ರಿ!"

ಅವಳು ಹೇಳಲಿಲ್ಲ. ಅವನನ್ನೂ ಅವನ ಜೊತೆ ಮುದುಕಿಯ ಕೈಕಾಲು ಹಿಡಿದಿದ್ದ ಇಬ್ಬರನ್ನೂ ಬಂಧಿಸಿ, ಇಕ್ಕಳ ಜಪ್ತಿ ಮಾಡಿ, ವ್ಯಾನಿನಲ್ಲಿ ಕಳಿಸಿಕೊಟ್ಟಳು.

ಸಂಜೆ ಐದೂವರೆಗೆ ರುದ್ರೇಶನ ಮನೆಗೆ ಹೋದಾಗ ಅಮೃತಾ ಕೇಳುವ ಮೊದಲೇ ಒಳಗೆ ಹೋಗಿ, ಜೋಳದ ಚೀಲಗಳ ಹಿಂದಿನಿಂದ ಸೀಸೆ ತಂದು ಇಟ್ಟಳು. ಅವಳ ಆರು ವರ್ಷದ ಮಗಳು ಸೆರಗು ಹಿಡಿದುಕೊಂಡೇ ನಿಂತಿದ್ದಳು.

"ಯಾಕ ಮಾಡಿದಿ?"

"ನಾ ಹೇಳದವರೊಬ್ಬರೂ ಉಳಿದಿಲ್ರಿ. ಅತ್ತೆವ್ವಗ ಹೇಳಿದೆ, ತವರಿಗೆ ಹೇಳಿದೆ, ಹಿರೇರ ಕಾಲು ಹಿಡದೆ. ಕುಡದ ಗಾಡಿ ಹೊಡೀಬ್ಯಾಡ ಅನ್ರಿ, ಕೂಸಿನ್ನ ಒಯ್ಯಬ್ಯಾಡ ಅನ್ರಿ ಅಂತ. ಗಂಡಸು ಅಂದ ಮ್ಯಾಲ ಕುಡೀತಾನ ಅಂದ್ರು. ಅಂವ ದೇವರಿಗಿ ಹೆದರಂಗಿಲ್ಲ, ನಿಮಗ ಹೆದರಂಗಿಲ್ಲ. ಬಾನಾಮತಿಗೆ ಹೆದರ್ತಾನ. ಅದಕ್ಕ ಹಚ್ಚಿದೆ."

"ಮಾರೆವ್ವನ ಹೆಸರು ಬಂದಾಗ ಬಾಯಿ ಯಾಕ ಬಿಡಲಿಲ್ಲ?"

ಅಮೃತಾ ಮಗಳ ತಲೆಯ ಮೇಲೆ ಕೈಯಿಟ್ಟಳು.

"ಅಂವ ಕುಡಿಯೋದು ಬಿಟ್ಟಿದ್ರಿ. ಮಳಿ ಬಂದ ದಿನದಿಂದ ಒಂದ ಹನಿ ಮುಟ್ಟಿರಲಿಲ್ಲ. ಕೂಸು ಆಟೋದಾಗ ಸಾಲಿಗೆ ಹೋಗ್ತಿತ್ತು. ನಾ ರಾತ್ರಿ ನಿದ್ದಿ ಮಾಡ್ತಿದ್ದೆ. ಇವತ್ತೊಂದಿನ ಇರಲಿ, ನಾಳೆ ಹೇಳ್ತೀನಿ ಅನಕೋತ... ಮುದುಕಿ ಚೀರಿದ್ದು ಇಲ್ಲೀತನಕ ಕೇಳ್ತ್ರಿ."

ಸೀಸೆ ಜಪ್ತಿಯಾಯಿತು. ಕಾರು, ಕೀಲಿ ಜಪ್ತಿಯಾದವು. ಹೇಳಿಕೆಯ ಕೆಳಗೆ ಅಮೃತಾ ಸಹಿ ಮಾಡಿದಳು. ಮಾಟದ ಭಯ ಹುಟ್ಟಿಸಿದ ಆರೋಪದ ಮೇಲೆ ಬಂಧನದ ಕಾಗದ ಓದಿ ಹೇಳಿದಾಗ ಅವಳು ಅಳಲಿಲ್ಲ.

"ಮಾರೆವ್ವನ ಹಲ್ಲಿಗೆ ನನಗ ಏನ ಶಿಕ್ಷಾ ಕೊಟ್ರೂ ತಗೋತೀನ್ರಿ. ತಪ್ಪು ನಂದ. ಆದ್ರ ಮೇಡಂ, ನನ್ನ ಗಂಡನ ಹೆದರಿಕಿ ನೀವು ತಗದುಬಿಟ್ರಿ. ನಾಳೆ ಜಾಮೀನು ಸಿಗತೈತಿ, ಬ್ಯಾರೆ ಗಾಡಿ ಬರತೈತಿ. ನಾ ಒಳಗಿರ್ತೀನಿ. ಈ ಕೂಸಿನ್ನ ತೊಡೀ ಮ್ಯಾಲ ಕುಂದರಿಸಿಕೊಂಡು ಗಾಡಿ ಚಾಲೂ ಮಾಡಿದಾಗ ಅಡ್ಡ ಯಾರು ನಿಂದರ್ತೀರಿ?"

ಭವಾನಿ ಅವನ ಚಾಲನಾ ಪರವಾನಗಿ ರದ್ದು ಮಾಡಿಸಲು ಬರೆಯುತ್ತೇನೆ ಎಂದಳು. ಅದು ಅವಳ ಕಿವಿಗೇ ಸಾಲದೆನಿಸಿತು. ಮಗುವನ್ನು ತಾಯಿಯ ಸೆರಗಿನಿಂದ ಬಿಡಿಸಿ ಬಾಗಿಲಲ್ಲಿ ನಿಂತಿದ್ದ ಅಜ್ಜಿ, ರುದ್ರೇಶನ ತಾಯಿಯ ಕೈಗೆ ಕೊಡಬೇಕಾಗಿತ್ತು. ಹಂಪಣ್ಣ ಮುಂದೆ ಬಂದವನು ಅಲ್ಲೇ ನಿಂತ. ಕೊನೆಗೆ ಭವಾನಿಯೇ ಬಗ್ಗಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.