ಮುಕ್ಕಾಲು ಗಂಟೆಯ ದಾರಿ

ನಂಬಿ ಎಂದು ಯಾರನ್ನೂ ಒತ್ತಾಯಿಸುವುದಿಲ್ಲ, ನಡೆದದ್ದಷ್ಟನ್ನು ಬರೆಯುತ್ತೇನೆ.

ಅಕ್ಕನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. "ಉಗುರು ಕತ್ತರಿಸ್ಕೊಂಡು ಬಾರೇ. ಇಲ್ಲಾಂದ್ರೆ ಇಲ್ಲಿನ ನರ್ಸಮ್ಮ ಚಿಕ್ಕಮ್ಮ ಅಂತಾನೂ ನೋಡಲ್ಲ, ಒಳಗೆ ಬಿಡಲ್ಲ" ಎಂದಿದ್ದಳು ಫೋನಿನಲ್ಲಿ. ರಸ್ತೆಯಲ್ಲಾದರೆ ಇಡೀ ದಿನದ ದೂರ, ವಿಮಾನದಲ್ಲಿ ಮುಕ್ಕಾಲು ಗಂಟೆ. ಏನೇ ಆಗಲಿ, ಮಧ್ಯಾಹ್ನದೊಳಗೆ ಆ ಮಗುವನ್ನು ಮುಟ್ಟಲೇಬೇಕೆಂದು ಬೆಳಿಗ್ಗೆ ಕಿಟಕಿಯ ಬಳಿ ಕೂತು ಉಗುರು ಕತ್ತರಿಸಿ ಹೊರಟೆ.

ವಿಮಾನ ಪುಟ್ಟದು. ಪಕ್ಕದ ಸೀಟಿನ ಹಿರಿಯರು ಆಗಷ್ಟೇ ಗಡ್ಡ ಬೋಳಿಸಿಕೊಂಡಿದ್ದರು. ಸೋಪಿನ ವಾಸನೆ ಬರುತ್ತಿತ್ತು. "ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಊರು ಬರುತ್ತಮ್ಮ" ಎಂದು ನಕ್ಕರು. ಮೋಡದೊಳಗೆ ಹೊಕ್ಕಾಗ ಇಂಜಿನ್ನಿನ ಸದ್ದು ಅಡಗಿತು. ಯಾರೂ ತಲೆಯೆತ್ತಲಿಲ್ಲ. ಆಗ ತಾನೇ ಕೊಟ್ಟ ಬಿಸಿ ಚಹಾ ಕೈಯಲ್ಲೇ ತಣ್ಣಗಾಗಿ, ಅದರ ಮೇಲೆ ಧೂಳು ಕೂತಿತ್ತು.

ಇಳಿಯುವಾಗ ಹಿರಿಯರ ಕೆನ್ನೆ ತುಂಬ ಬಿಳಿ ಗಡ್ಡ. ಅದನ್ನು ಸವರುತ್ತಲೇ ಗಡಿಯಾರ ನೋಡಿ, "ಸರಿಯಾದ ಸಮಯಕ್ಕೇ ಬಂತಲ್ಲ" ಎಂದರು. ನನ್ನ ಗಡಿಯಾರವೂ ಅದನ್ನೇ ಹೇಳಿತು.

ಆಸ್ಪತ್ರೆಯ ಬಾಗಿಲಲ್ಲಿ ನರ್ಸಮ್ಮ ನನ್ನ ಕೈ ಹಿಡಿದು ನೋಡಿದರು. "ಇದೇನಮ್ಮ, ಉಗುರಿಗೆ ಕತ್ತರಿ ಸೋಕಿ ಎಷ್ಟು ತಿಂಗಳಾಯ್ತು?"

ಅವರಿಂದಲೇ ನೇಲ್ ಕಟರ್ ಇಸಿದುಕೊಂಡು, ಬಾಗಿ ಬೆಳೆದಿದ್ದ ಹತ್ತೂ ಉಗುರು ಕತ್ತರಿಸಿ ಒಳಗೆ ಹೋದೆ. ಮಗು ನನ್ನ ಬೆರಳನ್ನು ಬಿಗಿಯಾಗಿ ಹಿಡಿಯಿತು.

ವಾಪಸ್ಸು ಬಸ್ಸಿನಲ್ಲೇ ಬಂದೆ. ಅಂದು ಬೆಳಿಗ್ಗೆ ಕತ್ತರಿಸಿದ್ದ ಉಗುರಿನ ಚೂರುಗಳು ಮನೆಯ ಕಿಟಕಿಯ ಕಟ್ಟೆಯ ಮೇಲೆ ಹಾಗೇ ಇದ್ದವು.